ಕೊಡಗಿನ ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳ ಕಲಿಕೆ: ಯೋಜನೆ ಹಾಕಿಕೊಳ್ಳುವ ಬಗೆ

ಆರು ವರ್ಷ ತುಂಬುವ ಮೊದಲೇ ಮಗುವನ್ನು ಶಾಲೆಗೆ ಸೇರಿಸಬೇಕೆಂಬ ಕಡ್ಡಾಯ ನಮ್ಮಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14 ವರ್ಷದ ಮಕ್ಕಳಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಆ ಹಂತದಲ್ಲಿ ಕಲಿಕೆ ಆಟ ಮತ್ತು ಚಟುವಟಿಕೆಗಳ ಮೂಲಕ ನಡೆಯಬೇಕೆಂದು ಹೇಳಿದೆ. ಆದ್ದರಿಂದ ತೋಟದ ಮನೆಯಿಂದ ದಿನವೂ ವ್ಯಾನ್ ಹತ್ತಿಸಿ ಗೋಣಿಕೊಪ್ಪಕ್ಕೋ ಮಡಿಕೇರಿಗೋ ಎಲ್‌ಕೆಜಿಗೆ ಕಳಿಸುವ ಬದಲು ಒಂದೆರಡು ವರ್ಷ ಮನೆಯಲ್ಲೇ ಕಲಿಸೋಣ ಎಂದುಕೊಳ್ಳುವ ತಂದೆತಾಯಿಗೆ ಕಾನೂನಿನ ತೊಡಕಿಲ್ಲ. ತೊಡಕು ಬರುವುದು ಯೋಜನೆಯಲ್ಲಿ. ಗಂಟೆಗೊಂದು ವಿಷಯ, ವಾರಕ್ಕೊಂದು ವಿಷಯವೆಂದು ಯಾವುದೋ ಊರಿನ ಲೆಕ್ಕದಲ್ಲಿ ಸಿದ್ಧಪಡಿಸಿದ ವೇಳಾಪಟ್ಟಿಯನ್ನು ತಂದು ಗೋಡೆಗೆ ಅಂಟಿಸಿದರೆ, ಜೂನ್ ಮಳೆ ಹಿಡಿದ ವಾರದಲ್ಲೇ ಅದು ಕೈಕೊಡುತ್ತದೆ. ಕೊಡಗಿನಲ್ಲಿ ಯೋಜನೆಯನ್ನು ಋತುವಿನಿಂದ ಆರಂಭಿಸುವುದು ಲೇಸು.

ಮೊದಲು ವರ್ಷವನ್ನು ನಿಮ್ಮ ಮನೆಯ ಕೆಲಸದ ಪ್ರಕಾರ ಭಾಗ ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ; ಮಕ್ಕಳು ಹೆಚ್ಚು ಹೊತ್ತು ಒಳಗೇ ಇರುತ್ತಾರೆ, ದೊಡ್ಡವರಿಗೂ ಸ್ವಲ್ಪ ಬಿಡುವಿರುತ್ತದೆ. ನವೆಂಬರ್ ಕೊನೆಯಿಂದ ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ ಕೊಯ್ಲು ಬಂದು ಮಾರ್ಚ್‌ವರೆಗೆ ಯಾರಿಗೂ ಕೈ ಬಿಡುವಾಗುವುದಿಲ್ಲ. ಅಕ್ಷರ, ಕಥೆ, ಚಿತ್ರಗಳಂಥ ಕುಳಿತು ಮಾಡುವ ಕೆಲಸವನ್ನು ಮಳೆಗಾಲಕ್ಕೂ, ಎಣಿಸುವುದು, ಅಳೆಯುವುದು, ವಿಂಗಡಿಸುವುದನ್ನು ಕೊಯ್ಲಿಗೂ ಇಟ್ಟುಕೊಂಡರೆ ಕಲಿಕೆಗೆಂದು ಬೇರೆ ಸಮಯ ಹುಡುಕಬೇಕಾಗುವುದಿಲ್ಲ.

ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳಿದ್ದರೆ ಮೂವರಿಗೆ ಮೂರು ಪಾಠ ಸಿದ್ಧಪಡಿಸಲು ಹೋಗಬೇಡಿ. ಒಂದೇ ಕೆಲಸವನ್ನು ಆಯಾ ವಯಸ್ಸಿಗೆ ಒಪ್ಪುವಷ್ಟು ಹಂಚಿಕೊಡಿ. ಕಾಫಿ ಒಣಗಿಸುವ ಕಣವನ್ನೇ ನೋಡಿ. ಎರಡು ವರ್ಷದ ಮಗುವಿಗೆ ಖಾಲಿ ಸೇರು, ಸಣ್ಣ ಬುಟ್ಟಿ ಮತ್ತು ನಾಲ್ಕು ಕಿತ್ತಳೆ ಹಣ್ಣು ಕೊಟ್ಟರೆ ಸಾಕು. ತುಂಬುವುದು, ಸುರಿಯುವುದು, ‘ಒಳಗೆ’, ‘ಹೊರಗೆ’, ‘ಇನ್ನೊಂದು’ ಎಂಬ ಮಾತುಗಳೇ ಅದರ ಪಾಠ. ಕಾಫಿ ಹಣ್ಣು, ಕರಿಮೆಣಸು ಆ ವಯಸ್ಸಿನವರ ಕೈಗೆ ಸಿಗದಿರಲಿ, ಅವು ಬಾಯಿಗೋ ಮೂಗಿಗೋ ಹೋಗಲು ಕ್ಷಣ ಸಾಕು. ನಾಲ್ಕರ ಮಗು ಹಸಿರು ಕಾಯಿ, ಕೆಂಪು ಹಣ್ಣು, ಗಿಡದಲ್ಲೇ ಒಣಗಿದ ಕಪ್ಪು ಹಣ್ಣುಗಳನ್ನು ಮೂರು ಗುಡ್ಡೆ ಮಾಡಲಿ. ಐದು ದಾಟಿದ ಮಗುವಿಗೆ ಇನ್ನೂ ಸ್ವಾರಸ್ಯದ ಕೆಲಸವಿದೆ: ಒಂದು ಸೇರು ಹಣ್ಣನ್ನು ಅಳೆದು ಕಣದ ಮೂಲೆಯಲ್ಲಿ ಬೇರೆಯಾಗಿ ಹರಡಿ, ನಾಲ್ಕು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯುವುದು. ಬಿಸಿಲು ಚೆನ್ನಾಗಿದ್ದರೆ ಹದಿನೈದಿಪ್ಪತ್ತು ದಿನಗಳಲ್ಲಿ ಹಣ್ಣು ಒಣಗಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ತೂಕ ಏಕೆ ಇಳಿಯಿತೆಂದು ಮಗುವೇ ಕೇಳುವವರೆಗೆ ವಿವರಣೆ ಕೊಡದಿರುವುದು ಒಳ್ಳೆಯದು.

ಮಳೆಗಾಲದ ಯೋಜನೆಗೆ ಹೆಚ್ಚು ಆಲೋಚನೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು. ಎರಡರಿಂದ ನಾಲ್ಕು ವರ್ಷದವರಿಗೆ ಟಿವಿ, ಮೊಬೈಲ್ ಒಟ್ಟು ಒಂದು ಗಂಟೆ ಮೀರಬಾರದು. ಭಾಗಮಂಡಲದ ಕಡೆ ಎಡೆಬಿಡದೆ ಸುರಿಯುವ ಜುಲೈಯಲ್ಲಿ ಈ 180 ನಿಮಿಷವನ್ನು ಜಗಲಿಯಲ್ಲೇ ತುಂಬಿಸಬೇಕಾಗುತ್ತದೆ. ಖಾಲಿ ಗೋಣಿಚೀಲದಲ್ಲಿ ಕಾಲಿಟ್ಟು ಕುಪ್ಪಳಿಸುವುದು, ಸೀಳಿದ ಸಣ್ಣ ಸೌದೆಯನ್ನು ಒಂದೊಂದಾಗಿ ಒಲೆಯ ಬಳಿಗೆ ಹೊರುವುದು, ರೊಟ್ಟಿ ಹಿಟ್ಟು ನಾದುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಳೆ ಸ್ವಲ್ಪ ಹೊಳವಾದಾಗ ಅಂಗಳಕ್ಕೆ ಬಿಡಿ. ಜಿಗಣೆಯ ಕಾಟವಿದೆಯೆಂದು ನಾಲ್ಕು ತಿಂಗಳು ಬಾಗಿಲು ಹಾಕಿಡುವುದು ಅತಿಯಾಯಿತು. ಉದ್ದ ಕಾಲುಚೀಲ ಹಾಕಿಸಿ, ಒಳಗೆ ಬಂದ ಮೇಲೆ ಕಾಲು ನೋಡಿದರಾಯಿತು. ಕರೆಂಟ್ ವಾರಗಟ್ಟಲೆ ಕೈಕೊಡುವ ಊರುಗಳಲ್ಲಿ ಮೊಬೈಲ್ ಪಾಠವನ್ನು ನೆಚ್ಚಿ ಯೋಜನೆ ಮಾಡುವುದರಲ್ಲಿ ಅರ್ಥವಿಲ್ಲ.

ತೋಟದ ಮನೆಗಳಲ್ಲಿ ಮಳೆ ಅಳೆಯುವ ರೂಢಿ ಹೇಗೂ ಇದೆ. ಬೆಳಿಗ್ಗೆ ಅಜ್ಜನ ಜೊತೆ ಹೋಗಿ ನೀರಿನ ಮಟ್ಟ ನೋಡಿ, ಚೌಕುಳಿ ಹಾಳೆಯಲ್ಲಿ ಇಂಚಿಗೊಂದು ಮನೆಯಂತೆ ಬಣ್ಣ ತುಂಬಲು ಐದು ವರ್ಷದ ಮಗುವಿಗೆ ಹೇಳಿ. ಆಗಸ್ಟ್ ಕೊನೆಗೆ ಹಾಳೆ ನೋಡಿದರೆ ಯಾವ ವಾರ ಜೋರು, ಯಾವ ವಾರ ಕಡಿಮೆ ಎಂದು ಅದೇ ಹೇಳುತ್ತದೆ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟನ್ನೂ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನವನ್ನೂ, ಯೋಜನೆಯಲ್ಲಿ ಬರೆದುಕೊಳ್ಳಿ. ಅಂದು ಪಾಯಸಕ್ಕೆಂದು ಹಸಿರು ಮದ್ದುಸೊಪ್ಪನ್ನು (ಔಷಧಿ ಗಿಡದ ಎಲೆ) ಕುದಿಸಿದ ನೀರು ನೇರಳೆಗೆ ತಿರುಗುವುದನ್ನು ಮಕ್ಕಳು ದೂರ ಕುಳಿತು ನೋಡಲಿ, ಯಾವ ಬಣ್ಣ ಬರಬಹುದೆಂದು ಮೊದಲೇ ಊಹಿಸಲಿ. ಪಾಯಸ ತಿಂದ ಮೇಲೆ ಮೂತ್ರದ ಬಣ್ಣವೂ ಬದಲಾಗುತ್ತದೆಂಬ ಸಂಗತಿಯನ್ನು ಅವರು ವರ್ಷವಿಡೀ ಮರೆಯುವುದಿಲ್ಲ.

ಅಕ್ಷರಕ್ಕೆ ಆತುರ ಬೇಡ. ಮೂರು ವರ್ಷದವರೆಗೆ ಮಾತು, ಹಾಡು, ಕಥೆಯೇ ಸಾಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಮಲಯಾಳ ಆಡುವವರು ಅದನ್ನು ನಿಲ್ಲಿಸದೆ, ಕನ್ನಡದ ಕಥೆಯನ್ನು ದಿನಕ್ಕೊಂದರಂತೆ ಓದಿ ಹೇಳಲಿ. ಐದರ ಹೊತ್ತಿಗೆ ಮಗು ತಾನಾಗಿ ಕೇಳಲಾರಂಭಿಸಿದಾಗ ಅ, ಆ, ಇ, ಈ ಎಂದು ಇಡೀ ವರ್ಣಮಾಲೆ ಬಾಯಿಪಾಠ ಮಾಡಿಸುವುದಕ್ಕಿಂತ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯ ಕ್ರಮ ಉತ್ತಮವೆಂದು ನನ್ನ ಅನಿಸಿಕೆ. ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ತಿಳಿದರೆ ಸರ, ರಸ, ಅಗಸ, ಅರಸ, ಗರಗಸ ಎಂದು ಪದಗಳನ್ನೇ ಓದಬಹುದು. ಪೆನ್ಸಿಲ್ ಹಿಡಿಸುವ ಮೊದಲು ಮರಳಿನ ಮೇಲೆ, ಅಕ್ಕಿ ಹಿಟ್ಟಿನ ಮೇಲೆ ಬೆರಳಿನಿಂದ ಬರೆಸಿ. ಒಮ್ಮೆಗೆ ಹತ್ತು ನಿಮಿಷ ಸಾಕು.

ನಿಜವಾದ ಕೊರತೆ ಅಕ್ಷರದ್ದಲ್ಲ, ಜೊತೆಗಾರರದ್ದು. ಮನೆಯಿಂದ ಮನೆಗೆ ಫರ್ಲಾಂಗುಗಟ್ಟಲೆ ದೂರವಿರುವ ನಾಡಿನಲ್ಲಿ ಮಗು ದೊಡ್ಡವರ ನಡುವೆಯೇ ಬೆಳೆದುಬಿಡಬಹುದು. ವಾರಕ್ಕೆ ಎರಡು ದಿನವಾದರೂ ಇತರ ಮಕ್ಕಳೊಡನೆ ಆಡುವಂತೆ ಗೊತ್ತುಮಾಡಿಕೊಳ್ಳಿ. ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ಮಕ್ಕಳನ್ನು ಜೊತೆಗೆ ಕರೆಯಲು ಹಿಂಜರಿಯಬೇಡಿ. ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸುವುದೂ ಒಳ್ಳೆಯದು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ಆರು ವರ್ಷದವರೆಗಿನ ಮಕ್ಕಳ ತೂಕ ನೋಡುವುದು, ಪೌಷ್ಟಿಕ ಆಹಾರ ಕೊಡುವುದು, ಲಸಿಕೆಗೆ ನೆರವಾಗುವುದು ಅಲ್ಲಿನ ಕೆಲಸ.

ದಿನದ ಕ್ರಮ ಸರಳವಾಗಿರಲಿ: ತಿಂಡಿಯ ನಂತರ ಒಂದು ಮನೆಕೆಲಸ, ಆಮೇಲೆ ಹೊರಗೆ, ಊಟಕ್ಕೆ ಮುಂಚೆ ಕಥೆ, ಮಧ್ಯಾಹ್ನ ನಿದ್ದೆ, ಸಂಜೆ ತನ್ನಷ್ಟಕ್ಕೆ ಆಟ. ಆನೆ ಓಡಾಡುವ ತೋಟಗಳಲ್ಲಿ ಹೊರಗಿನ ಆಟವನ್ನು ಬೆಳಗಿನ ಜಾವಕ್ಕಾಗಲಿ ಮುಸ್ಸಂಜೆಗಾಗಲಿ ಇಡಬಾರದು. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು, ಬೇಲಿಯಿಲ್ಲದ ಕೆರೆ ಇವುಗಳ ಹತ್ತಿರ ಮಕ್ಕಳು ಸುಳಿಯದಂತೆ ಮೊದಲೇ ಏರ್ಪಾಡು ಮಾಡಿ. ಮಗು ಹೊಸದಾಗಿ ಮಾಡಿದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಗುರುತಿಸಿಡಿ. ಅಂಕ ಬೇಡ.

ಒಂದನೇ ತರಗತಿಗೆ ಸೇರಿಸುವಾಗ ಮಗುವಿಗೆ ಪರೀಕ್ಷೆ ಇಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ನಿಷೇಧಿಸಿದೆಯಾದ್ದರಿಂದ ಕೊನೆಯ ತಿಂಗಳುಗಳನ್ನು ಪ್ರಶ್ನೋತ್ತರ ಉರು ಹೊಡೆಸುವುದರಲ್ಲಿ ಕಳೆಯಬೇಡಿ. ಜನನ ಪ್ರಮಾಣಪತ್ರ ಸಿದ್ಧವಾಗಿಟ್ಟುಕೊಂಡು, ತನ್ನ ಡಬ್ಬಿ ತಾನೇ ತೆರೆದು ಉಣ್ಣುವುದು, ಶೌಚಾಲಯಕ್ಕೆ ಒಬ್ಬನೇ ಅಥವಾ ಒಬ್ಬಳೇ ಹೋಗಿಬರುವುದು, ನೀರು ಬೇಕೆಂದು ಪರಿಚಯವಿಲ್ಲದ ಟೀಚರ್ ಬಳಿ ಕನ್ನಡದಲ್ಲಿ ಕೇಳುವುದು, ಇಷ್ಟನ್ನು ಏಪ್ರಿಲ್, ಮೇ ತಿಂಗಳಲ್ಲಿ ಅಭ್ಯಾಸ ಮಾಡಿಸಿ.