ಅಂಬರಿನೊಳಗಿನ ಮರಿಹುಳುವನ್ನು ವಿವರಿಸುವುದು ಹೇಗೆ

ಅಂಬರಿನಲ್ಲಿ, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೆಯ ಮರದ ರಾಳದಲ್ಲಿ, ಸಿಕ್ಕಿಕೊಂಡ ಲೇಸ್‌ವಿಂಗ್ (ಜಾಲರಿ ರೆಕ್ಕೆಯ ಕೀಟ) ಮರಿಹುಳುಗಳನ್ನು ನೋಡುವುದು ನನ್ನ ಕೆಲಸ. ಹೊಸಬರು ಮೊದಲು ಕೇಳುವುದೇ "ಇದು ಯಾವ ಪ್ರಭೇದ?" ಅಂತ. ಆ ಪ್ರಶ್ನೆ ಕೊನೆಗಿರಲಿ. ಕಂಡದ್ದನ್ನು ಕಂಡಷ್ಟೇ ಬರೆಯುವುದು ಮೊದಲ ಕೆಲಸ.

ತುಣುಕು ಅಸಲಿಯೋ ಅಂತ ಮೊದಲು ಖಾತ್ರಿಯಾಗಬೇಕು. ಉಪ್ಪು ಕರಗುವಷ್ಟು ಕರಗಿಸಿದ ನೀರಿನಲ್ಲಿ ಅಂಬರ್ ತೇಲುತ್ತದೆ. ಆದರೆ ಎಳೆಯ ರಾಳವಾದ ಕೋಪಲ್ ಕೂಡ ತೇಲುತ್ತದೆ. ಬಾಲ್ಟಿಕ್ ಅಂಬರಿನ ಮೂಲೆಗೆ ಒಂದು ಹನಿ ಅಸಿಟೋನ್ ಹಾಕಿದರೆ ಅಂಟಾಗುವುದಿಲ್ಲ, ಕೋಪಲ್ ಅಂಟಾಗುತ್ತದೆ. ಗುಜರಾತಿನ ವಸ್ತಾನ್ ಗಣಿಯ ಅಂಬರಿಗೆ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. ಅದು ನಮ್ಮ ಪಶ್ಚಿಮಘಟ್ಟದ ಧೂಪದ ಮರದ ಕುಟುಂಬದ ರಾಳ. 5 ಕೋಟಿ ವರ್ಷ ಹಳೆಯದಾದರೂ ದ್ರಾವಕದಲ್ಲಿ ಕರಗಿಹೋಗುತ್ತದೆ.

ಆಮೇಲೆ ನೀರು ಹಚ್ಚಿದ ಮರಳುಕಾಗದದಲ್ಲಿ, ಒರಟಿನಿಂದ ನಯಕ್ಕೆ ಬರುತ್ತಾ, ಹುಳುವಿನ ಬೆನ್ನು ಮತ್ತು ಹೊಟ್ಟೆಯ ಕಡೆ ಎರಡು ಸಮತಟ್ಟು ಮುಖ ಮಾಡಿಕೊಳ್ಳಿ. ಅವಸರ ಬೇಡ, ಕಾಲಿನ ತುದಿ ಉಜ್ಜಿಹೋದರೆ ಮತ್ತೆ ಬರುವುದಿಲ್ಲ. ನೋಡುವಾಗ ಮೇಲೊಂದು ಹನಿ ಗ್ಲಿಸರಿನ್ ಬಿಟ್ಟು ಕವರ್‌ಸ್ಲಿಪ್ ಮುಚ್ಚಿ. ಗೀರುಗಳು ಮಾಯವಾಗಿ ಕೂದಲು ಕೂದಲೂ ಕಾಣುತ್ತದೆ.

ನಾನು ತಲೆಯಿಂದ ಶುರುಮಾಡುತ್ತೇನೆ. ಕುಡುಗೋಲಿನಂಥ ಎರಡು ದವಡೆಗಳು. ಪ್ರತಿಯೊಂದರಲ್ಲೂ ಮೇಲ್ದವಡೆ ಕೆಳದವಡೆ ಜೋಡಿಯಾಗಿ ರಸ ಹೀರುವ ಕೊಳವೆಯಾಗಿರುತ್ತದೆ. ಒಳಅಂಚಿನಲ್ಲಿ ಹಲ್ಲಿದ್ದರೆ ಗುಬ್ಬಚ್ಚಿ ಹುಳು, ಅಂದರೆ ಆಂಟ್‌ಲಯನ್ ಕಡೆಯ ಬಳಗವನ್ನೂ ಯೋಚಿಸಿ. ತಲೆಯ ಅಗಲ, ದವಡೆಯ ಉದ್ದ ಮಿಲಿಮೀಟರಿನಲ್ಲಿ ಬರೆಯಿರಿ. ನಂತರ ಪಾದ. ಉಗುರುಗಳ ನಡುವೆ ತುತ್ತೂರಿ ಆಕಾರದ ಪುಟ್ಟ ಮೆತ್ತೆ ಹಸಿರು ಲೇಸ್‌ವಿಂಗ್ ಮರಿಗೆ ಬೆಳವಣಿಗೆಯ ಎಲ್ಲ ಹಂತದಲ್ಲೂ ಇರುತ್ತದೆ, ಕಂದು ಲೇಸ್‌ವಿಂಗ್‌ಗೆ ಮೊದಲ ಹಂತದಲ್ಲಿ ಮಾತ್ರ.

ಬೆನ್ನ ಮೇಲಿನ ಕಸವನ್ನು ಕಸ ಅಂತ ಬಿಡಬೇಡಿ. 2012ರಲ್ಲಿ ವಿವರಿಸಲಾದ ಹ್ಯಾಲುಸಿನೋಕ್ರೈಸಾ ಎಂಬ ಲೇಸ್‌ವಿಂಗ್ ಮರಿ ಸ್ಪೇನಿನ ಎಲ್ ಸೋಪ್ಲಾವೊ ಅಂಬರಿನದು, ಸುಮಾರು 11 ಕೋಟಿ ವರ್ಷ ಹಳೆಯದು. ಅದರ ಬೆನ್ನಿನ ಉದ್ದುದ್ದ ಕೊಳವೆಗಳ ನಡುವೆ ತುಂಬಿದ್ದ ಎಳೆಗಳು ಜರೀಗಿಡದ ಕೂದಲುಗಳು. ಮರಿ ಅವನ್ನು ಹೊತ್ತು ಮರೆಮಾಚಿಕೊಳ್ಳುತ್ತಿತ್ತು ಅನ್ನುವುದು ತಿಳಿದದ್ದು ಆ ಕಸದಿಂದಲೇ. ಹೊರೆಯ ಚೂರುಗಳು ಎಲ್ಲಿವೆ, ಯಾವ ಕೂದಲಿಗೆ ಸಿಕ್ಕಿಕೊಂಡಿವೆ, ಹುಳುವನ್ನು ಮುಟ್ಟುತ್ತಿವೆಯೋ ಪಕ್ಕದಲ್ಲಿ ಸುಮ್ಮನೆ ಬಿದ್ದಿವೆಯೋ, ಎಲ್ಲ ಬರೆಯಿರಿ.

ಚಿತ್ರ ಬರೆಯುವಾಗ ಕಂಡದ್ದಕ್ಕೆ ಗಟ್ಟಿ ಗೆರೆ, ಊಹೆಗೆ ಚುಕ್ಕಿ ಗೆರೆ. ಬಾಲ್ಟಿಕ್ ಅಂಬರಿನಲ್ಲಿ ಹುಳುವಿನ ಒಂದು ಪಕ್ಕಕ್ಕೆ ಹಾಲಿನಂಥ ಬಿಳಿ ಪೊರೆ ಕಟ್ಟಿರುವುದುಂಟು. "ಎಡ ಹಿಂಗಾಲು ಕಾಣುವುದಿಲ್ಲ" ಎಂದು ಬರೆಯಿರಿ, "ಇಲ್ಲ" ಎಂದಲ್ಲ.

ಲೇಸ್‌ವಿಂಗ್ ಮರಿಗೆ ಮೂರು ಹಂತ. ಹೊಟ್ಟೆ ತಿಂದಷ್ಟೂ ಉಬ್ಬುತ್ತದೆ, ಗಟ್ಟಿ ತಲೆ ಪೊರೆ ಬಿಟ್ಟಾಗ ಮಾತ್ರ ದೊಡ್ಡದಾಗುತ್ತದೆ. ಆದ್ದರಿಂದ ಹಂತಕ್ಕೆ ತಲೆಯ ಅಳತೆಯೇ ಆಧಾರ. ಒಂದೇ ಮಾದರಿ ಇದ್ದರೆ "ಮೂರನೆಯದಿರಬಹುದು" ಎಂದು ಬರೆದು ಕಾರಣ ಕೊಡಿ.

ಇನ್ನು ಹೆಸರು. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮರಿಯನ್ನೇ ಆಧರಿಸಿ ಹೊಸ ಪ್ರಭೇದ ಹೆಸರಿಸಬಹುದು. ಆದರೆ ಅದೇ ಅಂಬರಿನಲ್ಲಿ ಸಿಕ್ಕ ಅದರ ರೆಕ್ಕೆ ಬಂದ ರೂಪಕ್ಕೆ ಆಗಲೇ ಹೆಸರಿದ್ದರೆ ಒಂದೇ ಜೀವಿಗೆ ಎರಡು ಹೆಸರಾದೀತು. ಬೇರೆ ಯಾವುದರಲ್ಲೂ ಇಲ್ಲದ ಲಕ್ಷಣ ಕಾಣದಿದ್ದರೆ ನಾನು ಕುಟುಂಬದ ಹೆಸರಿಗೇ ನಿಲ್ಲುತ್ತೇನೆ. ಹೆಸರಿಟ್ಟರೆ ತುಣುಕನ್ನು ಸಾರ್ವಜನಿಕ ಸಂಗ್ರಹಾಲಯಕ್ಕೆ ಕೊಟ್ಟು, ಅದರ ಸಂಖ್ಯೆಯನ್ನು ಲೇಖನದಲ್ಲಿ ನಮೂದಿಸಿ. ಲೇಖನ ಆನ್‌ಲೈನಿನಲ್ಲಷ್ಟೇ ಬರುವುದಾದರೆ ಮೊದಲೇ ಪ್ರಾಣಿಗಳ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕಿನಲ್ಲಿ ನೋಂದಾಯಿಸಿ.