ಬ್ಯಾಕ್‌ಫೈರ್: ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಬ್ಯಾಕ್‌ಫೈರ್, ಅಂದರೆ ಪೆಟ್ರೋಲ್ ಸಿಲಿಂಡರ್‌ನ ಹೊರಗೆ ಹೊತ್ತಿ ಸಿಡಿಯುವುದು, ಆಗುತ್ತಿದೆ ಎಂದು ಯಾರಾದರೂ ಕಾರು ತಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಸದ್ದು ಮುಂದಿನಿಂದ ಬರುತ್ತದೋ, ಹಿಂದಿನಿಂದಲೋ? ಬಾನೆಟ್ ಒಳಗೆ ಏರ್ ಫಿಲ್ಟರ್ ಕಡೆ ‘ಫಟ್’ ಎಂದರೆ ಅದೊಂದು ಕಾಯಿಲೆ, ಸೈಲೆನ್ಸರ್‌ನಲ್ಲಿ ‘ಢಬ್’ ಎಂದರೆ ಬೇರೆಯದೇ. ಇದು ಗೊತ್ತಾಗದೆ ಕಿಡಿ ಹಾರಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಬದಲಿಸುತ್ತಾ ಹೋದರೆ ದುಡ್ಡು ಕರಗುತ್ತದೆ, ಸದ್ದು ಹಾಗೇ ಉಳಿಯುತ್ತದೆ.

ಹಿಂದಿನ ಸದ್ದನ್ನು ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಸಿಲಿಂಡರ್‌ನಲ್ಲಿ ಉರಿಯಬೇಕಿದ್ದ ಪೆಟ್ರೋಲ್ ಉರಿಯದೆ ಹೊರಗೆ ಬಿದ್ದು, ಬಿಸಿ ಎಕ್ಸಾಸ್ಟ್ ಪೈಪಿನಲ್ಲಿ ಹೊತ್ತಿಕೊಂಡಿರುತ್ತದೆ. ಪ್ಲಗ್ ಹೋಗಿರಬಹುದು, ಕಾಯಿಲ್ ಕೈಕೊಟ್ಟಿರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರಬಹುದು. ಪ್ಲಗ್ ಬಿಚ್ಚಿದಾಗ ತುದಿಯಲ್ಲಿ ಒಣ ಕಪ್ಪು ಮಸಿ ಕಂಡರೆ ಪೆಟ್ರೋಲ್ ಜಾಸ್ತಿಯಾಗಿದೆ ಎಂದು ಲೆಕ್ಕ. ಒಂದೊಂದು ಸಿಲಿಂಡರ್‌ಗೆ ಒಂದೊಂದು ಕಾಯಿಲ್ ಇರುವ ಕಾರಾದರೆ, ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಓಡಿಸುತ್ತೇನೆ. ಸ್ಕ್ಯಾನರ್‌ನಲ್ಲಿ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎನ್ನುವ ಪಿ0302 ಕೋಡ್ ಹೋಗಿ, ಮೂರನೆಯದರ ಪಿ0303 ಬಂದರೆ ಕಾಯಿಲ್‌ನದೇ ತಪ್ಪು. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮಾತ್ರ ಸದ್ದು ಬಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಪೈಪಿನ ಜಾಯಿಂಟ್ ನೋಡುತ್ತೇನೆ. ಅಲ್ಲಿಂದ ಹೊರಗಿನ ಗಾಳಿ ನುಸುಳಿದರೂ ಹೀಗಾಗುತ್ತದೆ. ಹಿಂದಿನ ಸದ್ದನ್ನು ತಿಂಗಳುಗಟ್ಟಲೆ ಸಹಿಸಿಕೊಂಡು ಓಡಿಸಬೇಡಿ. ಉರಿಯದ ಪೆಟ್ರೋಲ್, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿ ಅದನ್ನೇ ಕರಗಿಸಿಬಿಡುತ್ತದೆ.

ನನ್ನ ತಲೆ ತಿನ್ನುವುದು ಮುಂದಿನ ಸದ್ದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಅದಕ್ಕಿಂತ ತೀರಾ ಹೆಚ್ಚಾದರೆ, ಅಂದರೆ ಮಿಶ್ರಣ ಲೀನ್ ಆದರೆ, ಉರಿ ನಿಧಾನವಾಗುತ್ತದೆ. ಇನ್‌ಟೇಕ್ ವಾಲ್ವ್ ಮತ್ತೆ ತೆರೆಯುವ ಹೊತ್ತಿಗೂ ಒಳಗೆ ಬೆಂಕಿ ಆರಿರುವುದಿಲ್ಲ. ಒಳಬರುವ ಹೊಸ ಮಿಶ್ರಣಕ್ಕೆ ಅದು ತಗುಲಿ ಫಟ್ಟೆಂದು ಹಿಂದಕ್ಕೆ ಸಿಡಿಯುತ್ತದೆ.

ಇಂಥದ್ದೊಂದು ಆಟೋಮ್ಯಾಟಿಕ್ ಕಾರು ನನ್ನ ಕೈಗೆ ಬಂತು. ಬೇರೆಡೆ ಪ್ಲಗ್, ಕಾಯಿಲ್, ಪೆಟ್ರೋಲ್ ಫಿಲ್ಟರ್ ಎಲ್ಲ ಹೊಸದು ಹಾಕಿಸಿದ್ದರು. ನಿಂತಲ್ಲಿ ಎಷ್ಟು ರೇಸ್ ಕೊಟ್ಟರೂ ಸದ್ದಿಲ್ಲ. ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಮುಂದೆ ಫಟ್. ಸ್ಕ್ಯಾನರ್ ಹಾಕಿದಾಗ ಪಿ0171, ಅಂದರೆ ಲೀನ್ ಎನ್ನುವ ಕೋಡ್, ಪೆಂಡಿಂಗ್‌ನಲ್ಲಿತ್ತು, ಅಂದರೆ ಇನ್ನೂ ಖಚಿತವಾಗಿರಲಿಲ್ಲ. ಆದರೆ ಐಡ್ಲಿಂಗ್‌ನಲ್ಲಿ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎನ್ನುವ ಲೆಕ್ಕ) ಶೇ. 3ರ ಆಸುಪಾಸು, ಏನೂ ದೋಷವಿಲ್ಲ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಲೀಕ್, ಅಂದರೆ ಗಾಳಿ ಒಳನುಸುಳುವ ಸಂದು, ಇದ್ದಿದ್ದರೆ ಐಡ್ಲಿಂಗ್‌ನಲ್ಲೇ ಟ್ರಿಮ್ ಏರಿ, 2500 ಆರ್‌ಪಿಎಂನಲ್ಲಿ ಇಳಿಯಬೇಕಿತ್ತು. ಇಲ್ಲಿ ತಿರುಗುಮುರುಗು: ಐಡ್ಲಿಂಗ್‌ನಲ್ಲಿ ಸರಿ, ಲೋಡ್ ಬಿದ್ದಾಗ ತೊಂದರೆ. ಪಂಪ್ ಸೋತಿದೆಯೇ ಎಂದು ಲೋಡ್ ಇರುವಾಗಲೇ ಪ್ರೆಷರ್ ನೋಡಿದೆ, ಸರಿಯಾಗಿತ್ತು.

ಉಳಿದದ್ದು ಒಂದೇ ವ್ಯತ್ಯಾಸ: ಗೇರಿನಲ್ಲಿ ಇಂಜಿನ್ ವಾಲುತ್ತದೆ. ಜೊತೆಯವನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿಸಿ, ಡ್ರೈವ್‌ಗೆ ಹಾಕಿ ಒಂದೆರಡು ಸೆಕೆಂಡ್ ಮಾತ್ರ ಸ್ವಲ್ಪ ರೇಸ್ ಕೊಡಿಸಿದೆ. ನಾನು ಪಕ್ಕದಲ್ಲಿ ನಿಂತಿದ್ದೆ. ಈ ಪರೀಕ್ಷೆಯಲ್ಲಿ ಕಾರಿನ ಮುಂದೆ ಯಾರೂ ನಿಲ್ಲಕೂಡದು. ಇಂಜಿನ್ ಎದ್ದುಬಂದಷ್ಟು ವಾಲಿತು, ಟ್ರಿಮ್ ಶೇ. 20 ದಾಟಿತು. ಇಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ ಹೋಗುವ ಸುಕ್ಕುಸುಕ್ಕಿನ ರಬ್ಬರ್ ಹೋಸ್ ಬಿಚ್ಚಿದೆ. ಮೇಲಿಂದ ಹೊಸದರಂತಿತ್ತು. ಅಡಿಯಲ್ಲಿ, ಒಂದು ಮಡಿಕೆಯ ಒಳಗೆ, ಉಗುರು ಸಿಕ್ಕಿಕೊಂಡಿತು. ಹೋಸನ್ನು ಬಗ್ಗಿಸಿದೆ, ಬೆರಳು ತೂರುವಷ್ಟು ಸೀಳು ಬಾಯಿಬಿಟ್ಟಿತು, ಬಿಟ್ಟೊಡನೆ ಮುಚ್ಚಿಕೊಂಡಿತು. ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ದಾಟಿದ ಮೇಲಿನ ಜಾಗವಾದ್ದರಿಂದ, ಅಲ್ಲಿ ನುಗ್ಗಿದ ಗಾಳಿ ಕಂಪ್ಯೂಟರಿನ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಹೋಸ್ ಬದಲಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದನ್ನು ಹರಿದದ್ದು ಇಂಜಿನ್ನನ್ನು ವಾಲದಂತೆ ಹಿಡಿದಿಡುವ, ಆದರೆ ಸವೆದುಹೋಗಿದ್ದ ಇಂಜಿನ್ ಮೌಂಟಿಂಗ್. ಅದನ್ನೂ ಹೊಸದು ಹಾಕಿದ ಮೇಲೆ ಕೋಡ್ ಅಳಿಸಿ, ಏರುದಾರಿಯಲ್ಲಿ ಓಡಿಸಿ ಟ್ರಿಮ್ ನೋಡಿದೆ. ಏರಲೇ ಇಲ್ಲ.

ಲೀಕ್ ಹುಡುಕಲು ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿ ಇದೆ. ಬಿಸಿ ಇಂಜಿನ್ ಮೇಲೆ, ಅದೂ ಬ್ಯಾಕ್‌ಫೈರ್ ಆಗುತ್ತಿರುವಾಗ, ನಾನು ಅದನ್ನು ಮುಟ್ಟುವುದಿಲ್ಲ, ಬೆಂಕಿ ಹೊತ್ತಿಕೊಳ್ಳುತ್ತದೆ. ಹೊಗೆ ಬಿಟ್ಟು ನೋಡುವ ಯಂತ್ರವೇ ವಾಸಿ.

ಮಿಶ್ರಣ ಸರಿಯಿದ್ದೂ ಮುಂದೆ ಸಿಡಿದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆಯುತ್ತೇನೆ. ಒಂದೇ ಸಿಲಿಂಡರ್‌ನಲ್ಲಿ ಕಡಿಮೆಯಿದ್ದರೆ ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲವೇನೋ ಎಂಬ ಅನುಮಾನ, ಎಲ್ಲದರಲ್ಲೂ ಕಡಿಮೆಯಿದ್ದರೆ ಟೈಮಿಂಗ್ ಬೆಲ್ಟ್ ಹಲ್ಲು ಹಾರಿರಬಹುದು. ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರು ಸರ್ವಿಸ್ ಆದ ಕೂಡಲೇ ಸಿಡಿಯತೊಡಗಿದರೆ ಪ್ಲಗ್ ವೈರ್ ಅದಲುಬದಲಾಗಿದೆಯೇ ನೋಡಿ. ಸಾಲಾಗಿ ನಾಲ್ಕು ಸಿಲಿಂಡರ್ ಇರುವ ಹೆಚ್ಚಿನ ಇಂಜಿನ್‌ಗಳಲ್ಲಿ ಕಿಡಿ ಹಾರುವ ಕ್ರಮ 1-3-4-2.