ಪಿಜಿ ಲೈಬ್ರರಿಯಲ್ಲಿ ಮೇದೋಜ್ಜೀರಕದ ಗಡ್ಡೆಗೊಂದು ರ‍್ಯಾಕ್

ಕೋಲಾರದ ವೈದ್ಯಕೀಯ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಸ್ನಾತಕೋತ್ತರ ವಿದ್ಯಾರ್ಥಿಗಳ ಲೈಬ್ರರಿ ಸುಧಾರಿಸಬೇಕು ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಎಸಿ, ಕಂಪ್ಯೂಟರು, ಹೊಸ ಕುರ್ಚಿ. ಅವೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮಲ್ಲಿ ಓದುವವರು ಹೆಚ್ಚಿದ್ದು ಪುಸ್ತಕಗಳ ಜಾಗ ಬದಲಿಸಿದ ಮೇಲೆ. ಮೊದಲು ಕೈಗೆತ್ತಿಕೊಂಡದ್ದು ಒಂದೇ ಕಾಯಿಲೆ, ಮೇದೋಜ್ಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಗಡ್ಡೆ.

ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಈ ಗ್ರಂಥಿಯ ಕಾಯಿಲೆಗಳು 616.37ರಲ್ಲಿ, ಅದರ ಕ್ಯಾನ್ಸರ್ 616.99437ರಲ್ಲಿ, ಶಸ್ತ್ರಚಿಕಿತ್ಸೆ 617.557ರಲ್ಲಿ. ರೇಡಿಯಾಲಜಿ ಇನ್ನೊಂದು ಮೂಲೆಯಲ್ಲಿ. ನೈಟ್ ಡ್ಯೂಟಿ ಮುಗಿಸಿ, ಬೆಳಗಿನ ಕೇಸ್ ಪ್ರೆಸೆಂಟೇಶನ್‌ಗೆ ಓದಿಕೊಳ್ಳಲು ಓಡಿಬರುವ ಸರ್ಜರಿ ಪಿಜಿಗೆ ಇಷ್ಟೆಲ್ಲ ಸುತ್ತಲು ಸಮಯವೆಲ್ಲಿ? ಕೈಗೆ ಸಿಕ್ಕಿದ್ದನ್ನು ತಿರುವಿಹಾಕಿ ಹೊರಟುಬಿಡುತ್ತಿದ್ದರು. ಹಾಗಾಗಿ ಪುಸ್ತಕದ ಸಂಖ್ಯೆ ಮುಟ್ಟದೆ, ಲೈಬ್ರರಿಯ ಕೋಹಾ ತಂತ್ರಾಂಶದಲ್ಲಿ ಇಡುವ ಜಾಗವನ್ನಷ್ಟೇ ಬದಲಿಸಿ, ಎಲ್ಲವನ್ನೂ ಒಂದೇ ರ‍್ಯಾಕ್‌ಗೆ ತಂದೆವು. ರೋಗಿ ಆಸ್ಪತ್ರೆಯಲ್ಲಿ ಸಾಗುವ ದಾರಿಯಂತೆಯೇ ಜೋಡಿಸಿದೆವು: ಕಾಮಾಲೆ, ಸ್ಕ್ಯಾನ್, ಬಯಾಪ್ಸಿ, ಹಂತ, ಆಪರೇಷನ್, ಕೀಮೋ, ನೋವಿನ ಉಪಶಮನ.

ಜೋಡಿಸುವಾಗಲೇ ಹಳೆಯ ಆವೃತ್ತಿಗಳ ವಿಷಯ ಕಣ್ಣಿಗೆ ಬಿತ್ತು. ಒಬ್ಬಳು ಪಿಜಿ ಗಡ್ಡೆ ಎಷ್ಟು ಬೆಳೆದಿದೆ ಎಂಬುದನ್ನು ಟಿ1ರಿಂದ ಟಿ4ರವರೆಗೆ ಗುರುತಿಸುವ ಎಜೆಸಿಸಿ ಕ್ಯಾನ್ಸರ್ ಕೈಪಿಡಿ ಹಿಡಿದು ಬಂದು, "ಮೇಡಂ, ಗಡ್ಡೆ ಮೂರು ಸೆಂಟಿಮೀಟರ್, ಗ್ರಂಥಿ ದಾಟಿ ಸುತ್ತಲ ಕೊಬ್ಬಿಗೂ ಹೋಗಿದೆ. ರಕ್ತನಾಳಕ್ಕೇನೂ ತಾಗಿಲ್ಲ. ಟಿ3 ಅಲ್ವಾ?" ಅಂದಳು. ಅವಳ ಕೈಲಿದ್ದದ್ದು ಏಳನೇ ಆವೃತ್ತಿ. ಅದರ ಪ್ರಕಾರ ಟಿ3 ಸರಿಯೇ. ಎಂಟನೇ ಆವೃತ್ತಿಯಲ್ಲಿ ಅಳತೆಯೇ ಮುಖ್ಯ: ಎರಡು ಸೆಂ.ಮೀ. ಒಳಗಿದ್ದರೆ ಟಿ1, ಎರಡರಿಂದ ನಾಲ್ಕಕ್ಕೆ ಟಿ2, ನಾಲ್ಕು ಮೀರಿದರೆ ಟಿ3, ದೊಡ್ಡ ಅಪಧಮನಿಗಳನ್ನು ಹಿಡಿದಿದ್ದರೆ ಟಿ4. ಅದೇ ಗಡ್ಡೆ ಟಿ2 ಆಯಿತು. ಎರಡನ್ನೂ ಮೇಜಿನ ಮೇಲೆ ಬಿಡಿಸಿಟ್ಟು ತೋರಿಸಿದೆ. ಅವತ್ತಿನಿಂದ ಹಳೆಯ ಆವೃತ್ತಿಗಳಿಗೆಲ್ಲ ಕೆಂಪು ಚೀಟಿ ಅಂಟಿಸಿ ಬೇರೆ ಬೀರುವಿಗೆ ಹಾಕಿದ್ದೇವೆ. ಹಳೆಯ ಪ್ರಬಂಧ ಓದುವವರಿಗೆ ಅವು ಬೇಕಾಗುತ್ತವೆ, ಎಸೆಯುವಂತಿಲ್ಲ. ನನ್ನ ಮಟ್ಟಿಗೆ, ನೂರು ಹೊಸ ಪುಸ್ತಕ ತರಿಸುವುದಕ್ಕಿಂತ ಈ ಕೆಲಸ ಮೊದಲಾಗಬೇಕು.

ಸರ್ಜರಿ ಮತ್ತು ರೇಡಿಯಾಲಜಿ ಪ್ರಾಧ್ಯಾಪಕರಿಂದ ಬರೆಸಿದ ಒಂದು ಹಾಳೆಯೂ ರ‍್ಯಾಕ್ ಪಕ್ಕದಲ್ಲಿದೆ. ಸಿಟಿ ಮಾಡುವಾಗ ಕಾಂಟ್ರಾಸ್ಟ್ ಕೊಟ್ಟು ಸುಮಾರು 40ರಿಂದ 50 ಸೆಕೆಂಡಿಗೆ ಒಮ್ಮೆ, 70ರ ಆಸುಪಾಸಿಗೆ ಇನ್ನೊಮ್ಮೆ ಚಿತ್ರ ತೆಗೆಯಬೇಕು. ಮೊದಲನೆಯದರಲ್ಲಿ ಗ್ರಂಥಿ ಬೆಳ್ಳಗೆ, ಗಡ್ಡೆ ಸಾಮಾನ್ಯವಾಗಿ ಕಪ್ಪಾಗಿ ಕಾಣುತ್ತದೆ. ಸಾಧ್ಯವಾದರೆ ಪಿತ್ತನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕುವ ಮೊದಲೇ ಸಿಟಿ ಆಗಲಿ, ಆಮೇಲೆ ಊತದಿಂದ ಗಡ್ಡೆಯ ಅಂಚು ಮಸುಕಾಗುತ್ತದೆ. ಈ ಕ್ಯಾನ್ಸರ್‌ನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಸಿಎ 19-9 ಕಾಮಾಲೆಯಿದ್ದಾಗ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಲೂಯಿಸ್ ಆಂಟಿಜೆನ್ ಎಂಬ ರಕ್ತಗುಂಪಿನ ಗುರುತು ಇಲ್ಲದವರಲ್ಲಿ ಕ್ಯಾನ್ಸರ್ ಇದ್ದರೂ ಏರದು. ತೆಗೆಯಬಹುದಾದ ಗಡ್ಡೆಯೆಂದು ಸ್ಕ್ಯಾನ್‌ನಲ್ಲೇ ಸ್ಪಷ್ಟವಾದರೆ ಗ್ರಂಥಿಯ ತಲೆಭಾಗದ ಗಡ್ಡೆ ತೆಗೆಯುವ ವಿಪಲ್ ಆಪರೇಷನ್‌ಗೆ ಮುಂಚೆ ಬಯಾಪ್ಸಿ ಕಡ್ಡಾಯವಲ್ಲ, ಆದರೆ ಕೀಮೋ ಶುರುಮಾಡುವುದಾದರೆ ಬೇಕೇ ಬೇಕು. ಇವೆಲ್ಲ ಪುಸ್ತಕಗಳಲ್ಲಿ ಇರುವುದೇ. ಯಾವ ಪುಸ್ತಕದ ಯಾವ ಪುಟ ಎಂದು ಪ್ರತಿ ಸಾಲಿನ ಮುಂದೆ ಬರೆದದ್ದು ನಮ್ಮ ಕೆಲಸ. ವೈದ್ಯಕೀಯ ಪ್ರಬಂಧಗಳ ಜಾಲತಾಣ ಪಬ್‌ಮೆಡ್‌ನಲ್ಲಿ ಹುಡುಕುವುದನ್ನು ಸಿನಾಪ್ಸಿಸ್ (ಪ್ರಬಂಧದ ರೂಪುರೇಷೆ) ಬರೆಯುವ ಹೊತ್ತಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ.

ಇದರ ಜೊತೆಗೆ ಹೊರರೋಗಿ ವಿಭಾಗಕ್ಕೆಂದು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಿದೆವು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಕಾಮಾಲೆ ಅಂದರೆ ನಾಟಿ ಔಷಧಿ ಕುಡಿಸಿ, ಪಥ್ಯ ಹಿಡಿದು ಕಾಯುವವರು ಇವತ್ತಿಗೂ ಇದ್ದಾರೆ. ನೋವಿಲ್ಲದ ಕಾಮಾಲೆ, ಮೈತುರಿಕೆ, ಬಿಳಿಚಿದ ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದವರಲ್ಲಿ ಹಠಾತ್ತನೆ ಸಕ್ಕರೆ ಕಾಯಿಲೆ: ಇವು ಕಂಡರೆ ಕಾಯಬೇಡಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಂದು ದಪ್ಪಕ್ಷರದಲ್ಲಿ ಹಾಕಿದ್ದೇವೆ. ಗೊತ್ತಾಗುವ ಹೊತ್ತಿಗೆ ಆಪರೇಷನ್ ಮಾಡಬಲ್ಲ ಸ್ಥಿತಿಯಲ್ಲಿರುವವರು ನೂರಕ್ಕೆ ಹದಿನೈದು ಇಪ್ಪತ್ತು ಜನ ಮಾತ್ರ. ಈ ಪುಟವನ್ನು ಲೈಬ್ರರಿಯಿಂದ ಯಾರು ಬೇಕಾದರೂ ಒಯ್ಯಬಹುದು, ರಿಜಿಸ್ಟರ್‌ನಲ್ಲಿ ಸಹಿ ಹಾಕಬೇಕಿಲ್ಲ.

ಈಗ ಪಿತ್ತಕೋಶದ ಕ್ಯಾನ್ಸರ್‌ಗೆ ಇಂಥದೇ ರ‍್ಯಾಕ್ ಸಿದ್ಧವಾಗುತ್ತಿದೆ. ಪ್ಯಾಥಾಲಜಿಯವರ ಪಟ್ಟಿ ಬರಬೇಕಿದೆ.